ಬಕೆಟ್ಟು ನನ್ನ ಸವತಿ

ಎರಡು ಕೊಳವೆ, ಒಂದಿಷ್ಟು ಗಾಜು, ಕೊರಳಿಗೆ ಹಾಕಿಕೊಳ್ಳಲು ಒಂದು ಪಟ್ಟಿ: ಕಾರ್ಖಾನೆಯಿಂದ ಹೊರಬಿದ್ದಾಗ ದುರ್ಬೀನಾದ ನನ್ನ ಆಸ್ತಿ ಇಷ್ಟೇ. ಮೊದಲು ಕೊಂಡವನು ಹುಬ್ಬಳ್ಳಿಯ ಒಬ್ಬ ಕ್ರಿಕೆಟ್ ಹುಚ್ಚ. ಅವನ ಮನೆಗೆ ಟಿ.ವಿ. ಬಂದ ದಿನವೇ ನಾನು ಅಟ್ಟ ಸೇರಿದೆ. ಅಲ್ಲಿಂದ ಇಳಿಸಿ ತಂದವರು ಧಾರವಾಡದ ನೀಲಾಂಬಿಕಾ ಟೀಚರ್.

ಮಳೆ ನಿಂತು ಆಶ್ವಯುಜ ಮಾಸ ಬಂತೆಂದರೆ ನಮ್ಮಿಬ್ಬರದೇ ರಾಜ್ಯ. ಬೆಳಗಾಗುತ್ತಲೇ ಕೆಲಗೇರಿ ಕೆರೆಯ ದಂಡೆ. ಹಿಮದ ನಾಡಿನಿಂದ ಬಂದ ಕುಂಡೆಕುಸ್ಕ ಹಕ್ಕಿ ಕೆಸರಿನಲ್ಲಿ ಬಾಲ ಕುಣಿಸುತ್ತಿತ್ತು. ಅದನ್ನು ಮೊದಲು ನೋಡುವುದು ನಾನು, ಆಮೇಲೆ ಅವರು. ಆರು ವರ್ಷ ಹೀಗೇ ಸುಖವಾಗಿದ್ದೆವು.

ಏಳನೆಯ ವರ್ಷ ಬಕೆಟ್ಟು ಬಂತು. ನೀಲಿ ಪ್ಲಾಸ್ಟಿಕ್ಕಿನದು. ಬಾಯಿಗೊಂದು ಆಲಿಕೆ, ಮೇಲೊಂದು ಬಲ್ಬು, ಒಳಗೆ ಮೊಟ್ಟೆಯ ಟ್ರೇಗಳು. ಹಿತ್ತಲಿನಲ್ಲಿಟ್ಟರೆ ಬೆಳಕಿಗೆ ಮರುಳಾದ ಪತಂಗಗಳು ಜಾರಿ ಬಿದ್ದು, ಬೆಳಗ್ಗೆ ಟ್ರೇಯ ಗುಳಿಗಳಲ್ಲಿ ಮಲಗಿರುತ್ತಿದ್ದವು. ಟೀಚರ್ ಒಂದೊಂದನ್ನೂ ನೋಡಿ, ಹೆಸರು ಬರೆದು, ದಾಸವಾಳದ ಗಿಡಕ್ಕೆ ಬಿಡುವಷ್ಟರಲ್ಲಿ ಶಾಲೆಯ ಹೊತ್ತಾಗುತ್ತಿತ್ತು. ನಾನು ಗೂಟದಲ್ಲೇ. ಬಚ್ಚಲಲ್ಲಿರಬೇಕಾದ ಬಕೆಟ್ಟಿಗೆ ಈ ವೈಭೋಗ ನೋಡಿ ನನ್ನ ಹೊಟ್ಟೆ ಉರಿಯುತ್ತಿತ್ತು.

ಖಂಡೇಪೂಜೆಯ ದಿನ ಮನೆಯ ಆಯುಧಗಳಿಗೆಲ್ಲ ಪೂಜೆ. ಟೀಚರ ಯಜಮಾನರು ಗುರುಸಿದ್ದಪ್ಪ ಬಕೆಟ್ಟಿಗೆ ಚೆಂಡುಹೂವಿನ ಮಾಲೆ ಹಾಕಿದರು. ಮಾಲೆ ನನಗೆ ಉಳಿಯಲಿಲ್ಲ. ಪಾಪ ಅನ್ನಿಸಿತೇನೋ, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು, ಟೀಚರ್ ಕಣ್ಣಿಟ್ಟು ನೋಡುವ ಕಡೆ, ನನ್ನ ಎಡಗಣ್ಣಿನ ಗಾಜಿಗೇ ದಪ್ಪಗೆ ಬಳಿದರು. ಬಕೆಟ್ಟಿನ ಬೊಟ್ಟಿಗಿಂತ ನನ್ನದು ದೊಡ್ಡದು. ಇಡೀ ದಿನ ಬೀಗಿದೆ.

ಮರುದಿನ ಟೀಚರಿಗೆ ಶಾಲೆಗೆ ರಜೆ. ಎಷ್ಟೋ ವಾರಗಳ ಮೇಲೆ ನನ್ನನ್ನು ಕೆರೆಗೆ ಕರೆದೊಯ್ದರು. ಕುಂಡೆಕುಸ್ಕ ಎದುರಿಗೇ ಇಳಿಯಿತು. ಕಣ್ಣಿಗೆ ಹಿಡಿದರೆ ಒಂದು ಕಡೆ ಬರೀ ಕೆಂಪು. ಹಕ್ಕಿ ಹಾರೀತೆಂಬ ಗಡಿಬಿಡಿಯಲ್ಲಿ ಸೆರಗಿನಿಂದ ಗಸಗಸ ಉಜ್ಜಿದರು. ಕುಂಕುಮದ ಹರಳಿಗೆ ಗಾಜು ಗೀರಿಹೋಯಿತು.

ಟೀಚರ್ ಕಣ್ಣ ಸುತ್ತ ಕೆಂಪು ಬಳೆ ಮೂಡಿಸಿಕೊಂಡೇ ಮನೆಗೆ ಬಂದು ಗಂಡನನ್ನು ಕೇಳಿದರು: "ಕಣ್ಣಿಗೆ ಯಾರರೆ ಕುಂಕುಮಾ ಹಚ್ತಾರೇನ್ರಿ?"

"ಮತ್ತೆಲ್ಲಿ ಹಚ್ಚಲಿ? ಅದಕ್ಕ ಕಣ್ಣು ಬಿಟ್ರ ಬ್ಯಾರೆ ಏನೈತಿ?" ಎಂದರು ಗುರುಸಿದ್ದಪ್ಪ.

ದೀಪಾವಳಿಗೆ ಹೊಸ ದುರ್ಬೀನು ಬಂತು. ಈಗ ಕೆರೆಗೆ ಹೋಗುವುದು ಅದು. ಹೊಟ್ಟೆಕಿಚ್ಚಿಗೆ ಇನ್ನೊಂದು ಕಾರಣವಾಯಿತು. ಎಂದಾದರೂ ಗುಜರಿಯವನು ಬರುತ್ತಾನೆಂದು ಕಾದೆ.

ಬಂದವರು ಟೀಚರೇ. ನನ್ನನ್ನು ತಲೆಕೆಳಗು ಮಾಡಿ, ದೊಡ್ಡ ಗಾಜಿಗೆ ಅವರ ಕಣ್ಣಿಟ್ಟು, ಗೀರು ಬೀಳದ ನನ್ನ ಬಲಗಣ್ಣನ್ನು ಬಕೆಟ್ಟಿನ ಟ್ರೇಯ ಹತ್ತಿರ ಹಿಡಿದರು. ಹಾಗೆ ಹಿಡಿದರೆ ನಾನು ಭೂತಗನ್ನಡಿ. ಅಂದಿನಿಂದ ದಿನಾ ಬೆಳಗ್ಗೆ ಇದೇ ಕೆಲಸ. ಯಾರ ಮೇಲೆ ಇಷ್ಟು ದಿನ ಹಲ್ಲು ಕಡಿದೆನೋ ಅದರ ಮನೆಯ ಚಾಕರಿ.

ಮೊದಲ ದಿನ ಅಲ್ಲೊಂದು ಪತಂಗ ಕೂತಿತ್ತು. ಎರಡು ತಿಂಗಳು ಶಪಿಸಿದ್ದೆ, ಒಂದನ್ನೂ ನೋಡಿರಲಿಲ್ಲ. ರೆಕ್ಕೆಯ ಮೇಲೆ ಬೂದಿ, ಅರಿಶಿನ, ಎಳೆ ಹಸಿರು. ಪುಡಿಯಂಥ ಒಂದೊಂದು ಹುರುಪೆಯೂ ಬೇರೆ ಬೇರೆ ಕಂಡಿತು.

ಸುಳ್ಳೇಕೆ ಹೇಳಲಿ, ಚೆಂದವಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.