ತಪ್ಪು ಒತ್ತಿದರೆ ಬರುವವನು

ಸಿದ್ಧಾರ್ಥನ ಮುಖವನ್ನು ಪಾಠಗಳಿಂದ ತೆಗೆಯಬೇಕೆಂದು ಹೇಳುವಾಗ ಮಧುಕುಮಾರ್ ಸರ್ ಕಂಪ್ಯೂಟರನ್ನೇ ನೋಡುತ್ತಿದ್ದರು. ನಂಜನಗೂಡಿನ ಆ ಕಾರ್ಖಾನೆಯ ತರಬೇತಿ ವಿಭಾಗಕ್ಕೆ ಅವರೇ ಮುಖ್ಯಸ್ಥರು. ತೀರಿಹೋದವನು ಪರದೆಯ ಮೇಲೆ ನಿಂತು ಹೆಲ್ಮೆಟ್ ಹಾಕಿಕೊಳ್ಳಿ ಅನ್ನುತ್ತಿದ್ದರೆ ಜೊತೆಗೆ ದುಡಿದವರಿಗೆ ಕಷ್ಟವಾಗುತ್ತದೆ ಎಂದರು. ರಂಜಿನಿ ಆಯ್ತು ಸರ್ ಅಂದಳು. ಗಂಡ ಹೋದಮೇಲೆ ಅವಳು ಎಲ್ಲದಕ್ಕೂ ಅಷ್ಟೇ ಅನ್ನುತ್ತಿದ್ದಳು.

ಕಾರ್ಮಿಕರು ಕಂಪ್ಯೂಟರಿನಲ್ಲಿ ಕಲಿಯುವ ಸುರಕ್ಷತಾ ಪಾಠಗಳನ್ನು ಕಟ್ಟುವುದು ಅವಳ ಕೆಲಸ. ಮದುವೆಯಾದ ಹೊಸದರಲ್ಲಿ, ಹದಿನಾರು ಎಂಬ ಊರಿನ ತಮ್ಮ ಮನೆಯ ಗೋಡೆಗೆ ಬಿಳಿ ಪಂಚೆ ಕಟ್ಟಿ, ಅದೇ ಕಾರ್ಖಾನೆಯಲ್ಲಿ ಆಪರೇಟರ್ ಆಗಿದ್ದ ಸಿದ್ಧಾರ್ಥನನ್ನು ನಿಲ್ಲಿಸಿ ಫೋಟೋ ತೆಗೆದಿದ್ದಳು. ಸುಮ್ಮನೆ ನಿಂತದ್ದೊಂದು, ಹೆಬ್ಬೆರಳು ಎತ್ತಿದ್ದೊಂದು, ಅಂಗೈ ತೋರಿಸಿ ಬೇಡ ಅನ್ನುವುದೊಂದು. ಬೇಡ ಅನ್ನುವಾಗ ಅವನಿಗೆ ನಗು ತಡೆಯಲಾಗಲಿಲ್ಲ. ಪಂಚೆ ಹಿಡಿದಿದ್ದ ಅವನ ತಾಯಿ ಸಾಕಮ್ಮ, "ಎಡ್ತಿ ಮಾತ ಕೇಳ್ಲಾ, ಅಲ್ಲು ಕಿರೀಬ್ಯಾಡ" ಎಂದು ಗದರಿದ್ದಳು. ಅಂಗಿ ನೀಲಿಯೇ ಇರಲಿ ಅಂದವನು ಅವನು. ಪಾಠದಲ್ಲಿ ಅವನ ಸುತ್ತ ಬರುವ ಚೌಕಕ್ಕೂ ಅವಳು ಅದೇ ನೀಲಿ ಹಾಕಿದಳು.

ಸಾಫ್ಟ್‌ವೇರಿನಲ್ಲಿ ಆ ಮೂರು ಫೋಟೋಗಳು ಒಂದೇ ಚಿತ್ರದ ಮೂರು ಸ್ಥಿತಿಗಳು. ಕಲಿಯುವವರು ಸರಿ ಉತ್ತರ ಒತ್ತಿದರೆ ಹೆಬ್ಬೆರಳು, ತಪ್ಪು ಒತ್ತಿದರೆ ಅಂಗೈ. ಒಂದು ಸಲ ಮಾಡಿಟ್ಟರೆ ಸಾಕು. ಮುಂದಿನ ಪಾಠಕ್ಕೆ ಅವನನ್ನು ಕಾಪಿ ಮಾಡಿ ಅಂಟಿಸಿದರೆ ಮೂರು ಸ್ಥಿತಿಗಳೂ ಅವನ ಹಿಂದೆಯೇ ಬರುತ್ತಿದ್ದವು. ಬೆಂಕಿ, ಏಣಿ, ಆಸಿಡ್, ಎಲ್ಲ ಪಾಠಗಳಲ್ಲೂ ಸಿದ್ಧಾರ್ಥನೇ ನಿಂತ. ತವರಿಗೆ ಹೋಗಿದ್ದ ಅವಳನ್ನು ಕರೆತರಲು ಬೈಕಿನಲ್ಲಿ ಟಿ. ನರಸೀಪುರಕ್ಕೆ ಹೊರಟವನು ತಲುಪಲಿಲ್ಲ. ಪಾಠಗಳಲ್ಲಿ ನಿಂತೇ ಇದ್ದ.

ಹೊಸ ಮುಖ ಸ್ಟೋರ್ಸಿನ ನಂಜೇಶನದು. ಮೊದಲು ನೆಲ ಶುಚಿಮಾಡುವವರ ಪಾಠ. ಸುಮ್ಮನೆ ನಿಂತ ಸಿದ್ಧಾರ್ಥನ ಜಾಗಕ್ಕೆ ನಂಜೇಶನನ್ನು ಹಾಕಿದಳು. ಸರಿ ಉತ್ತರ ಒತ್ತಿ, ಅಲ್ಲಿಗೂ ಹಾಕಿದಳು. ತಪ್ಪು ಉತ್ತರ ಒತ್ತಿ ನೋಡಲಿಲ್ಲ. ಒಂದು ಸ್ಥಿತಿಯ ಫೋಟೋ ಬದಲಿಸಿದರೆ ಉಳಿದವು ತಾವಾಗಿ ಬದಲಾಗವೆಂದು ಅವಳಿಗೆ ಗೊತ್ತಿತ್ತು. ಅವತ್ತು ಗೊತ್ತಿದ್ದದ್ದೂ ಕೈಗೆ ಬರಲಿಲ್ಲ.

ಸಾಕಮ್ಮ ಅಲ್ಲಿಯೇ ಗುತ್ತಿಗೆಯ ಮೇಲೆ ನೆಲ ಒರೆಸುತ್ತಿದ್ದಳು. ಆ ಪಾಠದ ಪರೀಕ್ಷೆ ಪಾಸಾದರೆ ಮಾತ್ರ ಗೇಟ್‌ಪಾಸ್. ಪ್ರಶ್ನೆಯನ್ನು ಕಂಪ್ಯೂಟರೇ ಓದಿ ಹೇಳುತ್ತದೆ, ಚಿತ್ರ ಒತ್ತಿದರಾಯಿತು. ಆದರೂ ಸಾಕಮ್ಮ ಎರಡು ಸಲ ಫೇಲಾದಳು. ಇನ್ನೊಂದು ಸಲ ಹೀಗಾದರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ, ನೀವೇ ಪಕ್ಕದಲ್ಲಿ ಕೂತು ಅಭ್ಯಾಸ ಮಾಡಿಸಿ ಎಂದು ಮಧುಕುಮಾರ್ ರಂಜಿನಿಗೆ ಹೇಳಿದರು.

ಅವಳು ಕೂತಳು. ನೀರು ಚೆಲ್ಲಿದ ಕಡೆ ಏನಿಡಬೇಕು ಎಂದು ಕಂಪ್ಯೂಟರ್ ಕೇಳಿತು. ದಿನವೂ ನೆಲ ಜಾರುತ್ತದೆ ಎಂದು ಎಚ್ಚರಿಸುವ ಹಳದಿ ಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡೇ ಓಡಾಡುವ ಸಾಕಮ್ಮ ಬೋರ್ಡನ್ನು ಬಿಟ್ಟು ಕುರ್ಚಿಯನ್ನು ಒತ್ತಿದಳು.

ನೀಲಿ ಅಂಗಿಯ ಸಿದ್ಧಾರ್ಥ ಬಂದ. ಅಂಗೈ ತೋರಿಸಿದ. ತುಟಿಯ ತುದಿಯಲ್ಲಿ ತಡೆದ ನಗು.

ಸಾಕಮ್ಮ ಪರದೆಯ ಮೇಲಿಂದ ಕಣ್ಣು ತೆಗೆಯದೆ ಅಂದಳು.

"ಮನೇಲಿರ ಪೋಟ ಸುಮ್ನ ನೋಡ್ಕ ಕೂತದ ಕಣವ್ವ. ಇಲ್ಲಿ ನಾನು ತಪ್ಪು ಮಾಡುದ್ರ ಬ್ಯಾಡ ಅಂತಾನ."

ಮಧ್ಯಾಹ್ನ ರಂಜಿನಿ ಪಾಠ ತೆರೆದು, ಅಂಗೈ ಇದ್ದ ಕಡೆಯೆಲ್ಲ ನಂಜೇಶನನ್ನು ಹಾಕಿದಳು. ಕೊನೆಯ ಪ್ರಶ್ನೆಗೆ ಬಂದಾಗ ಹಳೆಯ ಪಾಠದಿಂದ ಸಿದ್ಧಾರ್ಥನ ಹೆಬ್ಬೆರಳಿನ ಫೋಟೋ ತಂದು ಸರಿ ಉತ್ತರಕ್ಕೆ ಅಂಟಿಸಿದಳು. ಒಂದು ಕಡೆ ಉಳಿದಿದೆ, ನಾಳೆ ಪರೀಕ್ಷೆ ಆದಮೇಲೆ ತೆಗೆಯುತ್ತೇನೆ ಎಂದು ಮಧುಕುಮಾರರಿಗೆ ತಾನೇ ಹೇಳಿದಳು. ಅವರು ಈ ಸಲ ಅವಳ ಮುಖ ನೋಡಿ ಆಗಲಿ ಅಂದರು.

ಮಾರನೆ ಬೆಳಿಗ್ಗೆ ಅತ್ತೆಗೆ ಮೆಲ್ಲಗೆ ಹೇಳಿದಳು. "ತಪ್ಪು ಒತ್ತಿದ್ರೆ ಅವರು ಬರಲ್ಲ ಅತ್ತೆ. ಎಲ್ಲಾ ಸರಿ ಮಾಡಿ, ಕೊನೇಲಿ ಬರ್ತಾರೆ."

ಸಾಕಮ್ಮನ ಬೆರಳು ಎಲ್ಲಿಯೂ ತಡವರಿಸಲಿಲ್ಲ. ಕೊನೆಯ ಪ್ರಶ್ನೆಗೆ ಮಗ ಹೆಬ್ಬೆರಳು ಎತ್ತಿದ. ಅವಳು ಸೆರಗಿನಿಂದ ಪರದೆಯ ಧೂಳು ಒರೆಸುವಷ್ಟರಲ್ಲಿ ಅವನು ಹೋಗಿ, ಪಾಸ್ ಎಂಬ ಪದ ಬಂತು.

"ಇನ್ನೊಂದ್ಸಲ ತಗಿಯವ್ವ."

"ಪಾಸಾದವ್ರಿಗೆ ಮತ್ತೆ ತೆರೆಯಲ್ಲ ಅತ್ತೆ."

"ಗೊತ್ತಿದ್ದಿದ್ರ ನಿಧಾನಕ ಒತ್ತುತಿದ್ದೆ" ಅಂದು ಸಾಕಮ್ಮ ಎದ್ದು ಕೆಲಸಕ್ಕೆ ಹೋದಳು.

ರಂಜಿನಿ ಹೆಬ್ಬೆರಳನ್ನು ತೆಗೆದು ನಂಜೇಶನನ್ನು ಹಾಕಿದಳು. ಈ ಸಲ ತಪ್ಪು ಉತ್ತರವನ್ನೂ ಒತ್ತಿ ನೋಡಿದಳು. ನಂಜೇಶ ಅಂಗೈ ತೋರಿಸಿದ. ಅವನ ಸುತ್ತಲಿನ ಚೌಕ ನೀಲಿಯಾಗಿಯೇ ಇತ್ತು. ಅದನ್ನು ತೆಗೆಯಬೇಕೆಂದು ಯಾರೂ ಹೇಳಿರಲಿಲ್ಲ.