ಹೆಪ್ಪು ಹಾಕಿದ ನೀರು

ಗೋಕಾಕದಿಂದ ದಡ್ಡಿ ಎಂಬ ಊರಿನ ಸಾಲೆಗೆ ಬಂದ ಕೇದಾರಿ ಮಾಸ್ತರರಿಗೆ ಒಂದು ಚಟವಿತ್ತು: ಯಾರೂ ಕೇಳದ್ದನ್ನೂ ಹೇಳಿಬಿಡುವುದು. ಮಗ್ಗಿ, ಕಾಗುಣಿತ ಕಲಿಸಿ ಸುಮ್ಮನಿದ್ದರೆ ಊರಿನವರು ಬೇಡವೆನ್ನುತ್ತಿರಲಿಲ್ಲ. ಆದರೆ ಟ್ರೇನಿಂಗ್ ಮುಗಿಸಿ ಬಂದ ಹುಮ್ಮಸ್ಸು ಸುಮ್ಮನಿರಲು ಬಿಡಬೇಕಲ್ಲ!

ಅವತ್ತು ನೀರಿನ ಪಾಠ. ಮೂವರು ಮಕ್ಕಳನ್ನು ನಿಲ್ಲಿಸಿ ಕೈ ಕೈ ಹಿಡಿಸಿದರು. ನಡುವೆ ಶಿವಗಂಗವ್ವನ ಮಗಳು ಪಾರವ್ವ, ಅತ್ತಿತ್ತ ಇಬ್ಬರು ಹುಡುಗರು.

"ನೋಡ್ರಿ, ಪಾರವ್ವ ಆಮ್ಲಜನಕ. ಬಾಜೂಕಿನ ಇಬ್ಬರೂ ಜಲಜನಕ. ಎಲ್ಲಾ ಬರೇ ಗಾಳಿ. ಹಿಂಗ ಕೈ ಹಿಡಿದು ನಿಂತ್ರ ನೀರಿನ ಒಂದು ಅಣು. ಇಂಥಾವು ಕೋಟಿ ಕೋಟಿ ಕೂಡಿದ್ರ ಒಂದು ಹನಿ."

"ಗಾಳಿ ಕುಡದ್ರ ನೀರಡಿಕಿ ಹೋಗತೈತೇನ್ರಿ?" ಎಂದು ಒಬ್ಬ ಕೇಳಿದ. ಸಾಲೆಯೆಲ್ಲ ನಕ್ಕಿತು, ಮಾಸ್ತರರೂ ನಕ್ಕರು. ಆಮೇಲೆ ಒಲೆಯ ಮೇಲೆ ಪಾತ್ರೆ ಇಟ್ಟು, ಕಾಯುವ ನೀರಿನಲ್ಲಿ ಏಳುವ ಸಣ್ಣ ಗುಳ್ಳೆಗಳನ್ನು ತೋರಿಸಿದರು.

"ನೀರಾಗ ಹೊರಗಿನ ಗಾಳೀನೂ ಒಂದಿಷ್ಟು ಕರಗಿರತೈತಿ. ಕುದಿಸಿದ್ರ ಅದು ಹೋಗಿಬಿಡತೈತಿ. ಅದಕ್ಕಽ ಕುದಿಸಿದ ನೀರು ಸಪ್ಪಗ."

ಇದನ್ನೂ ಹೇಳಿರೆಂದು ಯಾರೂ ಕೇಳಿರಲಿಲ್ಲ.

ಮಳೆಗಾಲದ ಕೆಂಪು ನೀರಿನೊಂದಿಗೆ ಹೊಳೆದಂಡೆಯ ಊರುಗಳಿಗೆ ಕಾಲರಾ ಬಂತು. ನೀರು ಕುದಿಸಿ ಕುಡಿಯಿರೆಂದು ಮಾಸ್ತರರು ಮನೆಮನೆಗೆ ಹೋಗಿ ಗಂಟಲು ಹರಿದುಕೊಂಡರು. "ಕಟ್ಟಿಗಿ ನೀವು ಕೊಡ್ತೀರೇನ್ರಿ?" ಎಂದು ಮುಖಕ್ಕೆ ಹೊಡೆದಂತೆ ಕೇಳಿದವರೇ ಹೆಚ್ಚು. ಪಾರವ್ವ ಮಾತ್ರ ಹಟ ಹಿಡಿದು ತಾಯಿಯನ್ನು ಒಪ್ಪಿಸಿದಳು. ಆ ಒಂದು ಮನೆಯಾದರೂ ಮಾತು ಕೇಳಿತಲ್ಲ ಎಂದು ಮಾಸ್ತರರ ಹೊಟ್ಟೆ ತಣ್ಣಗಾಗಿತ್ತು.

ಆದರೆ ಪಾರವ್ವನೇ ಒಂದು ಬೆಳಿಗ್ಗೆ ವಾಂತಿ ಮಾಡಿಕೊಂಡಳು. ಹುಕ್ಕೇರಿಯ ದವಾಖಾನೆಗೆಂದು ಅವಳಪ್ಪ ಚಕ್ಕಡಿ ಹೂಡಿದ. ಹುಡುಗಿ ದಾರಿಯಲ್ಲೇ ಹೋಗಿಬಿಟ್ಟಳು.

"ಕುದಿಸಿದ ನೀರಿನ ಮನಿಗೇ ಮೊದಲ ಬಂತು ನೋಡ್ರಿ," ಎಂದು ಊರು ಆಡಿಕೊಂಡಿತು. ಮಾಸ್ತರರಿಗೆ ತಲೆ ಕೆಟ್ಟುಹೋಯಿತು. ಪುಸ್ತಕ ಸುಳ್ಳೇ? ತಾನೇ ಸುಳ್ಳೇ? ಮಣ್ಣು ಕೊಟ್ಟ ಮೇಲೆ ಮಾತಾಡಿಸಿ ಬರಲು ಹೋಗಿ ಅವರ ಮನೆಯ ಪಡಸಾಲೆಯಲ್ಲಿ ಕುಳಿತರು.

ಶಿವಗಂಗವ್ವನ ಕಂಕುಳಲ್ಲಿ ಸಣ್ಣ ಕೂಸು ನೀರಿಗಾಗಿ ಅಳುತ್ತಿತ್ತು. ಆಕೆ ಕುದಿಸಿ ಆರಿಸಿದ ಗಡಿಗೆಯ ಮುಚ್ಚಳ ತೆಗೆದಳು. ಪಕ್ಕದ ಕೊಡದಿಂದ ಸಣ್ಣ ಬಟ್ಟಲಿನಂಥ ಮಿಳ್ಳಿಯಲ್ಲಿ ಹಸಿ ನೀರು ತೆಗೆದು ಅದಕ್ಕೆ ಹಾಕಹೋದಳು.

"ಏನದು ಹಾಕಾಕತ್ತೀ?"

"ಹೆಪ್ಪು ರೀ. ನೀರಂದ್ರ ಗಾಳಿ, ಕುದಿಸಿದ್ರ ಗಾಳಿ ಹೋಗತೈತಿ ಅಂತ ನೀವಽ ಕಲಿಸಿದ್ರಂತ, ಪಾರಿ ಅಂದ್ಲು. ಜೀವ ಹೋದ ನೀರು ಮಕ್ಕಳಿಗೆ ಹೆಂಗ ಕೊಡೂದ್ರಿ? ಹಾಲು ಕಾಸಿ, ಆರಿಸಿ ಹೆಪ್ಪು ಹಾಕೂದಿಲ್ಲೇನು, ಹಂಗ ಒಂದು ಮಿಳ್ಳಿ ಹೊಳಿ ನೀರು ಹಾಕ್ತಿದ್ನಿ." ದನಿ ಇಳಿಸಿ ಕೇಳಿದಳು: "ಹೆಪ್ಪು ಕಡಿಮಿ ಆತೇನ್ರಿ, ಮಾಸ್ತರ?"

ಪಾರವ್ವ ಹೇಗೆ ಹೋದಳೆಂದು ಮಾಸ್ತರರಿಗೆ ಈಗ ತಿಳಿಯಿತು. ಸುಮ್ಮನಿದ್ದರೆ ಈ ಕೂಸೂ ಹೋಗುತ್ತದೆ. ಹೇಳಿದರೆ ಈ ತಾಯಿ ಬದುಕುವುದು ಹೇಗೆ? ಯಾವ ಟ್ರೇನಿಂಗಿನಲ್ಲೂ ಇದನ್ನು ಕಲಿಸಿರಲಿಲ್ಲ. ದಡಬಡಿಸಿ ಎದ್ದು ಗಡಿಗೆಯ ಬಾಯಿಗೆ ಅಂಗೈ ಅಡ್ಡ ಹಿಡಿದರು.

"ಹಾಕಬ್ಯಾಡ ತಂಗಿ. ಬ್ಯಾನಿ ಹಸಿ ನೀರಾಗಽ ಐತಿ. ತಪ್ಪು ನಂದು, ನಾ ಅರ್ಧಾ ಹೇಳಿದ್ನಿ. ನಿಂದೇನೂ ಇಲ್ಲ."

ಆಕೆ ಮಾತಿನ ಕೊನೆ ಕೇಳಲೇ ಇಲ್ಲ. ಕೈಯಲ್ಲಿದ್ದ ಮಿಳ್ಳಿಯನ್ನೇ ನೋಡಿದಳು.

"ಪಾರಿಗೆ ನಾನಽ ಹಾಕಿದ್ನಲ್ರಿ," ಎಂದಳು.

ಗಡಿಗೆಯ ನೀರು ಇನ್ನೂ ಕೆಟ್ಟಿರಲಿಲ್ಲ. ಮಾಸ್ತರರು ತಂಬಿಗೆ ತುಂಬಿ ಆಕೆಯ ಮುಂದೆ ಹಿಡಿದರು. "ಇದಕ್ಕೇನೂ ಆಗೂದಿಲ್ಲವ್ವಾ, ಕುಡಿಸು," ಎಂದು ಬೇಡಿಕೊಂಡರು. ಕೂಸು ಅಳುತ್ತಲೇ ಇತ್ತು. ಅದಕ್ಕೆ ನೀರು ಕುಡಿಸಲು ತಾಯಿಗೆ ಕೈ ಬರಲಿಲ್ಲ.