ವೇಬ್ರಿಜ್ಜಿನ ಪಾಸ್‌ವರ್ಡ್

“ಇನ್ನೊಂದು ಸಲ ಹೊಡೀರಿ,” ಎಂದ ಯಜಮಾನ. “ಈ ಸಲ ತಂಗಿಯ ಮಗಳ ಹೆಸರು ಹಾಕಿ.”

ರಿಪೇರಿಯವನು ಹಾಕಿದ. ಪಾಸ್‌ವರ್ಡ್ ಸರಿಯಿಲ್ಲ ಎಂಬ ಸಾಲು ಕಪ್ಪು ಪರದೆಯ ಮೇಲೆ ಮತ್ತೆ ಮೂಡಿತು. ಈ ಸುತ್ತಿನಲ್ಲಿ ಇದು ಮೂರನೆಯ ತಪ್ಪು. ಮೂರು ಸಲ ತಪ್ಪಿದರೆ ಆ ಕಂಪ್ಯೂಟರು ತಾನಾಗಿ ಆರಿ ಮೊದಲಿನಿಂದ ಶುರುವಾಗುತ್ತಿತ್ತು. ರಿಪೇರಿ ಸೀಡಿ ಗುಂಯ್ ಎಂದು ತಿರುಗಿ, ಅದೇ ಪ್ರಶ್ನೆ ಪರದೆಗೆ ವಾಪಸು ಬರುವಷ್ಟರಲ್ಲಿ ನಿಧಾನವಾಗಿ ಒಂದು ಟೀ ಕುಡಿದು ಬರಬಹುದಿತ್ತು. ಯಜಮಾನನಿಗೆ ಟೀ ಬೇಕಾಗಿರಲಿಲ್ಲ. ತಂಗಿ ಎದುರಿಗಿದ್ದಿದ್ದರೆ, ಇಬ್ಬರಿಗೂ ತಲೆ ನರೆತಿದೆ ಎಂಬುದನ್ನೂ ನೋಡದೆ, ಕೆನ್ನೆಗೆ ಎರಡು ಬಿಟ್ಟೇಬಿಡುತ್ತಿದ್ದ.

ಹೊರಗೆ ಲಾರಿಗಳು ರಸ್ತೆಯವರೆಗೂ ನಿಂತಿದ್ದವು. ಎಲ್ಲವೂ ಗುಡ್ಡದಾಚೆಯ ಕ್ರಷರಿನಿಂದ ಜಲ್ಲಿ ತುಂಬಿಕೊಂಡು ಬಂದವು. ಈ ವೇಬ್ರಿಜ್ಜಿನ ಮೇಲೆ ಹತ್ತಿ, ತೂಕ ಹಾಕಿಸಿ, ಅಚ್ಚಾದ ಚೀಟಿ ಹಿಡಿದುಕೊಂಡೇ ಅವು ಮುಂದೆ ಹೋಗಬೇಕು. ಕೈಯಲ್ಲಿ ಬರೆದ ಚೀಟಿಯನ್ನು ಕ್ರಷರಿನವರು ಮೂಸಿಯೂ ನೋಡುವುದಿಲ್ಲ. ಸಂಜೆಯೊಳಗೆ ಸರಿಹೋಗದಿದ್ದರೆ ನಾಳೆಯಿಂದ ನಮ್ಮ ಗಾಡಿಗಳೆಲ್ಲ ಬೈಪಾಸಿನ ವೇಬ್ರಿಜ್ಜಿಗೆ ಎಂದು ಅವರ ಮ್ಯಾನೇಜರು ಬೆಳಿಗ್ಗೆಯೇ ಹೇಳಿಯಾಗಿತ್ತು.

ಕಂಪ್ಯೂಟರು ಕೆಡಿಸಿದವನು ಬಾಮೈದ. ಅದು ಡ್ರೈವರುಗಳಿಗೂ ಗೊತ್ತು, ಯಜಮಾನನಿಗೂ ಗೊತ್ತು. ತೂಕದ ಲೆಕ್ಕಕ್ಕೆಂದು ಇಟ್ಟ ಹಳೇ ಯಂತ್ರಕ್ಕೆ ಯಾರದೋ ಪೆನ್‌ಡ್ರೈವ್ ಚುಚ್ಚಿ ಸಿನಿಮಾ ನೋಡುತ್ತ ಕೂತಿದ್ದ. ನಿನ್ನೆ ಸಂಜೆ ಪರದೆ ನೀಲಿಯಾಗಿ ನಿಂತುಬಿಟ್ಟಿತು. ಆದರೆ ಬಾಮೈದನನ್ನು ಬೈದರೆ ರಾತ್ರಿ ಮನೆಯಲ್ಲಿ ಪಾತ್ರೆಗಳು ಸದ್ದು ಮಾಡುತ್ತವೆ. ತಂಗಿಯನ್ನು ಬೈದರೆ ಕೇಳುವವರಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಂದರೆ ಇದೇ. ಬಾಮೈದ ಮೂಲೆಯ ಸ್ಟೂಲಿನಲ್ಲಿ ಕೂತು ಮೊಬೈಲು ಒರೆಸುತ್ತಿದ್ದ.

ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ ತಂಗಿ ಅಪ್ಪನ ಕಾಲದಿಂದ ಕೂತವಳು. ಡ್ರೈವರುಗಳು ಅವಳನ್ನು ಚೀಟಿ ಅಕ್ಕ ಎನ್ನುತ್ತಿದ್ದರು. ಅವಳು ಲಾರಿಯ ನಂಬರು ನೋಡುವ ಮೊದಲೇ ಹಾರ್ನ್ ಕೇಳಿ ಯಾರು ಬಂದರೆಂದು ಹೇಳುತ್ತಿದ್ದಳು. ಹೋದ ಬೇಸಿಗೆಯಲ್ಲಿ ಬಾಮೈದನಿಗೆ ಇದ್ದ ಕೆಲಸ ಹೋಯಿತು. ಯಜಮಾನ ಅವನನ್ನು ಕರೆತಂದು ಮೊದಲು ಅವಳ ಪಕ್ಕ ಕೂರಿಸಿದ, ಆಮೇಲೆ ಅವಳ ಕುರ್ಚಿಯಲ್ಲೇ ಕೂರಿಸಿದ. ಇದೇನಣ್ಣ ಎಂದು ಅವಳು ಕೇಳಿದ್ದಕ್ಕೆ, ಸಂಬಳಕ್ಕಿರುವವಳು ಸಂಬಳದವಳ ಹಾಗೆ ಇರಬೇಕು ಎಂದು ನಾಲ್ಕು ಜನರ ಎದುರಿಗೇ ಹೇಳಿದ. ಅವಳು ಊಟದ ಡಬ್ಬಿ ಎತ್ತಿಕೊಂಡು ಹೊರಟವಳು ಇವತ್ತಿನವರೆಗೂ ಅಣ್ಣನ ಮನೆಯ ಹೊಸಿಲು ತುಳಿದಿಲ್ಲ. ಈಗ ಪೇಟೆಯ ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುತ್ತಾಳೆ.

ಆ ಸಿಟ್ಟಿಗೆ ಹೋಗುವಾಗ ಕಂಪ್ಯೂಟರಿಗೆ ಬೀಗ ಜಡಿದು ಹೋಗಿದ್ದಾಳೆ ಎಂಬುದು ಯಜಮಾನನ ತೀರ್ಮಾನ. ಬೆಳಿಗ್ಗೆಯಿಂದ ಬಂದ ಪ್ರತಿ ಡ್ರೈವರಿಗೂ ಅದನ್ನು ಹೇಳಿದ್ದ. ಹೇಳುತ್ತ ಹೇಳುತ್ತ ಅವನಿಗೇ ಅದು ಕಣ್ಣಾರೆ ಕಂಡಷ್ಟು ಖಚಿತವಾಗಿತ್ತು.

ರಿಪೇರಿಯವನು ನೆಗಡಿಯಾಗಿ ಮೂಗು ಕಟ್ಟಿದ್ದ, ಮಾತು ಕಡಿಮೆಯ ಮನುಷ್ಯ. ಇರುವ ದಾರಿಗಳನ್ನು ಬಂದ ತಕ್ಷಣ ಹೇಳಿದ್ದ. ಎಲ್ಲ ಅಳಿಸಿ ಹೊಸದಾಗಿ ಹಾಕಬಹುದು, ಆದರೆ ತೂಕದ ಪ್ರೋಗ್ರಾಮೂ ಹೋಗುತ್ತದೆ. ಅದನ್ನು ಮಾಡಿಕೊಟ್ಟ ಕಂಪನಿ ಬಾಗಿಲು ಮುಚ್ಚಿದೆ. ಅಳಿಸದೆ ರಿಪೇರಿ ಮಾಡಬೇಕೆಂದರೆ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಬೇಕು; ದಿನದ ಕೆಲಸಕ್ಕೆ ಕೇಳದ ಅದನ್ನು ರಿಪೇರಿ ಸೀಡಿ ಮಾತ್ರ ಕೇಳುತ್ತದೆ. ಪಾಸ್‌ವರ್ಡ್ ಸಿಗದಿದ್ದರೆ ಡಬ್ಬವನ್ನು ಅಂಗಡಿಗೆ ಒಯ್ದು ಬಿಚ್ಚಬೇಕು, ಎರಡು ದಿನವಾದರೂ ಬೇಕು. ಆಮೇಲೆ ಮೂಗು ಸೀನಿಕೊಂಡು ಒಂದು ಮಾತು ಸೇರಿಸಿದ್ದ.

“ಕೆಲವರು ಏನೂ ಇಟ್ಟಿರಲ್ಲ ಸಾರ್. ಖಾಲಿ ಬಿಟ್ಟು ಎಂಟರ್ ಒತ್ತಿ ನೋಡ್ಲಾ?”

“ನನ್ನ ತಂಗಿ ನಿಮಗೆ ಗೊತ್ತಿಲ್ಲ,” ಎಂದಿದ್ದ ಯಜಮಾನ. “ಖಾಲಿ ಬಿಡೋ ಪೈಕಿ ಅಲ್ಲ ಅವಳು. ಇರೋ ಮೂರು ಸಲದಲ್ಲಿ ಒಂದನ್ನ ದಂಡ ಮಾಡ್ಬೇಡಿ.”

ಯಂತ್ರದ ಯಜಮಾನ ಅವನು. ರಿಪೇರಿಯವನು ಅವನು ಹೇಳಿದ್ದನ್ನೇ ಹೊಡೆಯತೊಡಗಿದ್ದ.

ಹಾಗೆ ಶುರುವಾಗಿತ್ತು ಬೇಟೆ. ತಂಗಿಯ ಹೆಸರು ಹಾಕಿದರು. ಅಪ್ಪನ ಹೆಸರು ಹಾಕಿದರು. ಅವಳ ಬಳಿ ಹಿಂದೆ ಇದ್ದ ಸ್ಕೂಟರಿನ ನಂಬರು ಅರ್ಧ ನೆನಪಿತ್ತು, ಇನ್ನರ್ಧಕ್ಕೆ ಬಾಮೈದ ಬಾಯಿಗೆ ಬಂದದ್ದು ಹೇಳಿದ. ಅವಳು ಹುಟ್ಟಿದ ದಿನ ಹಾಕೋಣವೆಂದರೆ ಯಜಮಾನನಿಗೆ ಗೊತ್ತಿರಲಿಲ್ಲ. ಹೆಂಡತಿಗೆ ಫೋನ್ ಮಾಡಿದರೆ, ನಿಮ್ಮ ಒಡಹುಟ್ಟಿದವಳ ಹುಟ್ಟಿದ ದಿನ ನನ್ನ ಕೇಳ್ತೀರಲ್ಲ ಎಂದು ಅವಳೇ ತಿರುಗಿ ಬೈದಳು. ಒಂದೊಂದು ತಪ್ಪಿಗೂ ಅವನ ಸಿಟ್ಟು ತಂಗಿಯ ಮೇಲೆಯೇ ಏರುತ್ತ ಹೋಯಿತು. ಇಂಥದ್ದು ಇವಳಿಗೆ ಇಷ್ಟ, ಇಂಥದ್ದು ಇಷ್ಟವಿಲ್ಲ ಎಂದು ಒಂದಾದರೂ ಖಚಿತವಾಗಿ ಗೊತ್ತಿದ್ದಿದ್ದರೆ ಅದನ್ನಾದರೂ ಹಾಕಬಹುದಿತ್ತು. ಗೊತ್ತಿರಲಿಲ್ಲ. ಅದಕ್ಕೂ ಅವಳದೇ ತಪ್ಪು.

ಮಗಳ ಹೆಸರೂ ಸುಳ್ಳಾಗಿ ಕಂಪ್ಯೂಟರು ಮತ್ತೆ ಆರಿದಾಗ ಯಜಮಾನ ಕಿಟಕಿಯ ಗಾಜು ಸರಿಸಿದ. ಹೊರಗೆ ಡ್ರೈವರುಗಳು ಗುಂಪಾಗಿ ನಿಂತಿದ್ದರು. ಎಲ್ಲರೂ ಕೇಳಲಿ ಎಂದು ಮೊಬೈಲಿನ ಸ್ಪೀಕರ್ ಹಾಕಿ, ಕಿಟಕಿಯ ಕಟ್ಟೆಯ ಮೇಲಿಟ್ಟು, ತಂಗಿಗೆ ಫೋನ್ ಮಾಡಿದ.

ಬಹಳ ದಿನದ ಮೇಲೆ ಅಣ್ಣನ ಫೋನ್ ಎಂದೋ ಏನೋ, ಅವಳು ಮೊದಲನೇ ರಿಂಗಿಗೇ ಎತ್ತಿ, “ಅಣ್ಣ, ಎಲ್ಲ ಆರಾಮಾ?” ಎಂದಳು.

“ಆರಾಮ ಕೇಳೋಕೆ ಮಾಡಿಲ್ಲ. ಕಂಪ್ಯೂಟರಿಗೆ ಏನು ಪಾಸ್‌ವರ್ಡ್ ಇಟ್ಟಿದ್ದೀಯ ಹೇಳು.”

“ಪಾಸ್‌ವರ್ಡಾ? ನಾನು ಏನೂ ಇಟ್ಟಿಲ್ವಲ್ಲ.”

“ಸುಳ್ಳು ಬೊಗಳ್ಬೇಡ. ಅದು ಕೇಳ್ತಾ ಇದೆ, ನಾನು ಕಣ್ಣಲ್ಲಿ ನೋಡ್ತಾ ಇದ್ದೀನಿ. ನನ್ನ ಹೊಟ್ಟೆ ಮೇಲೆ ಹೊಡೀಬೇಕು ಅಂತಾನೇ ಮಾಡಿ ಹೋಗಿದ್ದೀಯ. ಉಂಡ ಮನೆಗೆ ಎರಡು ಬಗೆದೋಳು ನೀನು. ನನಗೆ ಹೇಳದಿದ್ರೆ ಪೊಲೀಸ್ನೋರಿಗೆ ಹೇಳುವಿಯಂತೆ.”

ಆ ಕಡೆ ಬಟ್ಟೆ ಅಂಗಡಿಯ ಗಲಾಟೆ ಕೇಳಿಸುತ್ತಿತ್ತು. ಅದರ ನಡುವೆಯೇ ಅವಳು, ಬರ್ತೀನಿ ಇರು, ಎಂದು ಫೋನಿಟ್ಟಳು. ಯಜಮಾನ ಅದನ್ನು ತನ್ನ ಗೆಲುವೆಂದೇ ತಿಳಿದು ಕ್ಯಾಬಿನ್ನಿನಿಂದ ಹೊರಗೆ ಬಂದು, ಇಂಥವರನ್ನು ಸಾಕಿದ್ದಕ್ಕೆ ತನಗೆ ಇದಾಗಬೇಕು ಎಂದು ಇನ್ನೊಂದು ಸುತ್ತು ಶುರುಮಾಡಿದ.

ಒಳಗೆ ಸೀಡಿ ತಿರುಗಿ ತಿರುಗಿ ಕಪ್ಪು ಪರದೆ ಬಂತು. ಪಾಸ್‌ವರ್ಡ್ ಕೇಳಿತು. ರಿಪೇರಿಯವನು ಬಾಗಿಲ ಕಡೆ ನೋಡಿದ, ಬಾಮೈದನ ಕಡೆ ನೋಡಿದ. ಏನನ್ನೂ ಬರೆಯದೆ ಎಂಟರ್ ಒತ್ತಿದ.

ತೆರೆಯಿತು.

ಅವನು ಹೊರಗೆ ಹೋಗಿ ಯಜಮಾನನನ್ನು ಗೋಡೆಯ ಮರೆಗೆ ಕರೆದು ಮೆಲ್ಲಗೆ ಹೇಳಿದ. ಪಾಸ್‌ವರ್ಡ್ ಅಂತ ಏನೂ ಇರಲಿಲ್ಲ, ಬೆಳಿಗ್ಗೆಯೇ ಒತ್ತಿದ್ದರೆ ಬೆಳಿಗ್ಗೆಯೇ ತೆರೆಯುತ್ತಿತ್ತು, ಇನ್ನು ಗಂಟೆಯೊಳಗೆ ಚೀಟಿ ಹೊಡೆಯಬಹುದು ಎಂದ. ಯಜಮಾನನ ಮುಖ ಒಂದು ಗಳಿಗೆ ಅರಳಿತು. ಮರುಗಳಿಗೆಯಲ್ಲೇ ಕಪ್ಪಿಟ್ಟಿತು.

“ಮೊದಲೇ ಯಾಕೆ ಒತ್ತಲಿಲ್ಲ ನೀವು?”

“ಒತ್ಲಾ ಅಂದೆ. ಬೇಡ ಅಂದ್ರಿ.”

ಯಜಮಾನ ಜೇಬಿನಿಂದ ಮೊಬೈಲು ತೆಗೆದ. ಬರಬೇಡ ಎನ್ನಬೇಕು. ಯಾಕೆ ಎಂದು ಕೇಳುತ್ತಾಳೆ. ಅವಳ ಹೆಸರಿನವರೆಗೆ ಬೆರಳು ಹೋಯಿತು. ಮೊಬೈಲು ಮತ್ತೆ ಜೇಬಿಗೆ ಹೋಯಿತು. ಅಷ್ಟರಲ್ಲಿ ಸಾಲಿನ ಮೊದಲ ಲಾರಿಯ ಡ್ರೈವರು, ಬೆಳಗಿನ ಜಾವದಿಂದ ನಿಂತಿದ್ದವನು, ಅಕ್ಕ ಪಾಸ್‌ವರ್ಡ್ ಕೊಟ್ರಾ ಎಂದು ಕೂಗಿ ಕೇಳಿದ.

“ಅವಳೆಲ್ಲಿ ಕೊಡ್ತಾಳೆ,” ಎಂದ ಯಜಮಾನ. “ಇವರೇ ಹೇಗೋ ಒಡೆದ್ರು.”

ರಿಪೇರಿಯವನು ಕರವಸ್ತ್ರದಿಂದ ಮೂಗು ಒರೆಸಿಕೊಂಡು ಒಳಗೆ ಹೋದ. ಅಷ್ಟು ಸಲೀಸಾಗಿ ಬಂದಿತ್ತು ಸುಳ್ಳು. ಹೇಳಿದವನಿಗೂ ಅದರಲ್ಲಿ ದೊಡ್ಡ ತಪ್ಪು ಕಾಣಲಿಲ್ಲ. ಕೆಲಸ ಆಯಿತಲ್ಲ, ಇನ್ನು ಯಾರು ಏನು ಮಾಡಿದರು ಎಂದು ಕೆದಕುವುದು ಯಾಕೆ? ತಪ್ಪು ಮಾಡಿದವರಿಗೆ ಈ ವಾದ ಯಾವಾಗಲೂ ಬೇಗ ಹೊಳೆಯುತ್ತದೆ.

ತಂಗಿ ಬಂದಳು. ಬಸ್ಸಿಳಿದು ಲಾರಿಗಳ ಸಾಲಿನ ಪಕ್ಕದಲ್ಲೇ ನಡೆದು ಬಂದಳು. ಬಟ್ಟೆ ಅಂಗಡಿಯ ಗುರುತಿನ ಚೀಟಿ ಇನ್ನೂ ಕೊರಳಲ್ಲಿತ್ತು. ಎಷ್ಟೋ ವರ್ಷ ಅಕ್ಕ ಅಕ್ಕ ಎಂದು ಕಿಟಕಿಗೆ ಕೈಚಾಚಿದವರು ಇವತ್ತು ಟೈರು ನೋಡಿಕೊಂಡು ನಿಂತರು. ಯಾಕೆಂದು ಅವಳಿಗೆ ಅರ್ಥವಾಯಿತು. ಅವಳ ಕಿವಿ ಕೆಂಪಾಯಿತು.

“ಎಲ್ಲಿ ಕೇಳ್ತಿದೆ ಪಾಸ್‌ವರ್ಡು, ತೋರ್ಸು,” ಎಂದಳು ಅಣ್ಣನಿಗೆ.

“ಸರಿಹೋಯ್ತು. ನೀನು ಇಷ್ಟು ದೂರ ಬರೋದೇ ಬೇಕಿರ್ಲಿಲ್ಲ.”

“ಹೇಗೆ ಸರಿಹೋಯ್ತು?”

“ಇವರು ಏನೋ ಮಾಡಿದ್ರು. ಬಿಡು ಈಗ.”

ಅವಳು ಬಿಡಲಿಲ್ಲ. ಅಣ್ಣನನ್ನು ದಾಟಿ ಕ್ಯಾಬಿನ್ನಿಗೆ ಹೋಗಿ ರಿಪೇರಿಯವನನ್ನೇ ಕೇಳಿದಳು. ಹಿಂದೆಯೇ ಬಂದ ಯಜಮಾನ ಬಾಗಿಲಲ್ಲಿ ನಿಂತು ಅವನಿಗೆ ಕಣ್ಣು ಬಿಟ್ಟ. ಕಿಟಕಿಯ ಗಾಜು ಸರಿಸಿದ್ದು ಸರಿಸಿದಂತೇ ಇತ್ತು. ಡ್ರೈವರುಗಳು ಅದರಾಚೆ ನಿಂತಿದ್ದರು. ರಿಪೇರಿಯವನಿಗೆ ಈ ಮನೆಯ ಜಗಳದಲ್ಲಿ ತಲೆ ಹಾಕುವ ಆಸೆ ಇರಲಿಲ್ಲ. ಆದರೆ ಬೆಳಿಗ್ಗೆಯಿಂದ ಅವನಿಗೂ ಸಾಕಾಗಿತ್ತು.

“ಏನೂ ಮಾಡಿಲ್ಲಮ್ಮ,” ಎಂದ. “ಸುಮ್ನೆ ಎಂಟರ್ ಒತ್ತಿದೆ. ಪಾಸ್‌ವರ್ಡ್ ಇರ್ಲೇ ಇಲ್ಲ.”

ಮೊದಲ ಲಾರಿಯ ಡ್ರೈವರು ಕಿಟಕಿಗೆ ಇನ್ನೂ ಹತ್ತಿರ ಬಂದ. ಹಾಗಾದರೆ ನಮ್ಮನ್ನ ಬಿಸಿಲಲ್ಲಿ ಕಾಯಿಸಿದ್ದು ಯಾರು ಯಜಮಾನರೇ ಎಂದು ಕೇಳಿದ. ಬಾಮೈದ ಸ್ಟೂಲಿನಿಂದೆದ್ದು, ಟೀ ತರ್ತೀನಿ ಭಾವ ಎಂದು, ಯಾರೂ ಕೇಳದ ಟೀ ತರಲು ಹೊರಟುಹೋದ.

“ನೀನೇ ಸರಿಯಾಗಿ ಹೇಳ್ಬೇಕಿತ್ತು ಫೋನಲ್ಲಿ,” ಎಂದು ಯಜಮಾನ ತಂಗಿಯ ಮೇಲೆ ರೇಗಿದ.

“ಹೇಳ್ದೆ. ಸುಳ್ಳು ಬೊಗಳ್ಬೇಡ ಅಂದೆ ನೀನು.” ಅವಳು ಕೂಗಲಿಲ್ಲ, ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟಳು. “ಎಷ್ಟು ವರ್ಷ ಕೂತಿದ್ದೆ ಅಣ್ಣ ಈ ಕುರ್ಚಿಲಿ. ಇಲ್ಲಿ ಯಾರಿಂದ ಏನು ಮುಚ್ಚಿಡ್ಬೇಕು ಅಂತ ನಂಗೆ ಒಂದಿನಾನೂ ಹೊಳೀಲಿಲ್ಲ. ನಿಂಗೆ ಮೊದಲು ಹೊಳೆದಿದ್ದೇ ಅದು.”

“ಆಯ್ತು, ಕೆಲಸ ಆಯ್ತಲ್ಲ.”

“ನಿನ್ನ ಕೆಲಸ ಆಯ್ತು. ಇವರೆಲ್ಲರಿಗೂ ಕೇಳಿಸೋ ಹಾಗೆ ನನ್ನನ್ನ ಮನೆಮುರುಕಿ ಮಾಡ್ದೆ ನೀನು. ಈಗ ತಪ್ಪು ನಿಂದು ಅನ್ನೋದನ್ನೂ ಕೇಳಿಸೋ ಹಾಗೆ ಹೇಳು. ಅಷ್ಟೇ ಕೇಳ್ತಿರೋದು ನಾನು.”

ಯಜಮಾನ ರಿಪೇರಿಯವನ ಬೆನ್ನು ನೋಡಿದ. ಕಿಟಕಿಯಾಚೆ ನೋಡಿದ. ಅಷ್ಟು ಮುಖಗಳು. ಇನ್ನೆಷ್ಟು ಹೊತ್ತು ಬೇಕಾಗುತ್ತೆ ರೀ ಎಂದು ರಿಪೇರಿಯವನನ್ನು ಕೇಳಿದ.

ತಂಗಿ ಸೆರಗು ಸರಿಮಾಡಿಕೊಂಡು ಹೊರಟಳು. ಬಾಗಿಲಲ್ಲಿ ನಿಂತಿದ್ದ ಯಜಮಾನ ತಾನೇ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅವಳು ಮೆಟ್ಟಿಲಿಳಿದು ಹೋದ ಮೇಲೆ ಅವನಿಗೆ ಮೈಯೆಲ್ಲ ಉರಿಯಿತು. ಅವಳ ಮೇಲೆ ಉರಿಯೋಣವೆಂದರೆ ಕಾರಣ ಸಿಗಲಿಲ್ಲ. ಬೆಳಿಗ್ಗೆಯಿಂದ ಅಷ್ಟೊಂದು ಕಾರಣಗಳಿದ್ದವು.

ಲಾರಿಗಳು ಹಿಂದೆ ಸರಿದು ನಿಂತಿದ್ದರಿಂದ ವೇಬ್ರಿಜ್ಜಿನ ಕಬ್ಬಿಣದ ಹಾಸು ಖಾಲಿಯಿತ್ತು. ಗೇಟಿಗೆ ಅದರ ಮೇಲಿಂದಲೇ ದಾರಿ. ಅವಳು ಹತ್ತಿದಾಗ ಮೇಜಿನ ಮೇಲಿನ, ಕಂಪ್ಯೂಟರಿನ ಹಂಗಿಲ್ಲದ ತೂಕದ ಡಬ್ಬಿಯಲ್ಲಿ ಕೆಂಪು ಅಂಕಿಗಳು ಅಲುಗಾಡಿದವು. ಇಪ್ಪತ್ತು ಎಂದಿತು, ನಲವತ್ತು ಎಂದಿತು, ಅರವತ್ತು ಕಿಲೋಗೆ ನಿಂತಿತು. ಪಕ್ಕದಲ್ಲೇ ಡ್ರೈವರುಗಳನ್ನು ಕರೆಯುವ ಮೈಕು ಇತ್ತು. ಯಜಮಾನ ಅದನ್ನು ಕೈಗೆತ್ತಿಕೊಂಡು ಗುಂಡಿ ಒತ್ತಿದ. ಹೊರಗಿನ ಕಂಬದ ಮೇಲಿನ ಸ್ಪೀಕರ್ ಖರ್ ಎಂದಿತು. ಡ್ರೈವರುಗಳೆಲ್ಲ ತಲೆಯೆತ್ತಿ ಕಂಬ ನೋಡಿದರು.

ತಂಗಿ ಹಾಸಿನ ನಡುವೆ ನಿಂತಳು. ತಿರುಗಲಿಲ್ಲ. ನಿಂತಳು ಅಷ್ಟೇ. ಡಬ್ಬಿಯಲ್ಲಿ ಅರವತ್ತು ಅಲುಗದೆ ಉರಿಯುತ್ತಿತ್ತು.

ಯಜಮಾನನ ಉಸಿರು ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸುತ್ತಿತ್ತು. ರಿಪೇರಿಯವನು ಕೀಬೋರ್ಡಿನಿಂದ ಕೈ ತೆಗೆದು ಕಾದ. ಯಜಮಾನ ಒಮ್ಮೆ ಬಾಯಿ ತೆರೆದು ಮತ್ತೆ ಮುಚ್ಚಿದ.

ಸ್ವಲ್ಪ ಹೊತ್ತಿಗೆ ತಂಗಿ ಗೇಟಿನ ಕಡೆ ಹೆಜ್ಜೆ ಹಾಕಿದಳು, ಅಂಕಿ ಅಲುಗಿತು. ನಲವತ್ತಾಯಿತು, ಇಪ್ಪತ್ತಾಯಿತು, ಸೊನ್ನೆಗೆ ಬಂತು. ಗುಂಡಿಯ ಮೇಲಿನ ಬೆರಳನ್ನು ಅವನಿನ್ನೂ ತೆಗೆದಿರಲಿಲ್ಲ. ಮೊದಲ ಲಾರಿಯವನು ಇಂಜಿನ್ ಶುರುಮಾಡಿ, ಹತ್ತಲೋ ಬೇಡವೋ ಎಂದು ಗಾಜಿನಾಚೆಯಿಂದ ಕೈಸನ್ನೆಯಲ್ಲಿ ಕೇಳುತ್ತಿದ್ದ.